ಹಂಚಿನ ಮನೆಯ ಕಂದಾಯ

ಫೆಬ್ರವರಿ ತಿಂಗಳ ಸಂಬಳ ಬಂದ ದಿನ ನಮ್ಮ ಸ್ಟಾಫ್ ರೂಮಿನಲ್ಲಿ ಯಾರ ಮುಖದಲ್ಲೂ ಕಳೆ ಇರುವುದಿಲ್ಲ. ವರ್ಷದ ಆದಾಯ ತೆರಿಗೆಯಲ್ಲಿ ಉಳಿದದ್ದನ್ನೆಲ್ಲ ಆ ಒಂದೇ ತಿಂಗಳಲ್ಲಿ ಮುರಿದುಕೊಳ್ಳುತ್ತಾರೆ. ನಾನು ಮಧುಗಿರಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಲೆಕ್ಕದ ಟೀಚರ್ ಅನ್ನುವ ಹಕ್ಕಿನ ಮೇಲೆ ಅವತ್ತು ಭಾಷಣ ಮಾಡುವ ಕೆಲಸ ಪ್ರತಿವರ್ಷ ನನ್ನದೇ.

"ಈ ದೇಶದಲ್ಲಿ ನಿಯತ್ತಾಗಿ ತೆರಿಗೆ ಕಟ್ಟೋರು ಅಂದ್ರೆ ಸಂಬಳದವರು ಮಾತ್ರ" ಎಂದು ಶುರು ಮಾಡಿ, ಎರಡೂ ಪಾರ್ಟಿಯವರನ್ನು ಸರಿಸಮವಾಗಿ ಬೈದು, ಬೆಲ್ ಹೊಡೆಯುವ ಹೊತ್ತಿಗೆ ಮುಗಿಸುತ್ತಿದ್ದೆ. ವಿಜ್ಞಾನದ ಮೇಷ್ಟ್ರು ಪಾವಗಡ ಕಡೆಯವರು, ಮಾತಿನ ನಡುನಡುವೆ ತೆಲುಗು. ಅವರು ಟಿಫನ್ ಬಾಕ್ಸ್ ಮುಚ್ಚುತ್ತಾ, "ಊರ್ಕೋಂಡಿ ಮೇಡಂ, ಸುಮ್ನಿರಿ, ಬಿ.ಪಿ. ಜಾಸ್ತಿ ಆಗ್ತದೆ" ಅನ್ನುತ್ತಿದ್ದರು. ಅಲ್ಲಿಗೆ ಸಭೆ ಮುಕ್ತಾಯ.

ಹೀಗಿದ್ದ ನನ್ನನ್ನು ಒಂದು ಶನಿವಾರ ಬಿಲ್ ಕಲೆಕ್ಟರ್ ಹುಡುಗಿಯೊಬ್ಬಳು ಎರಡೇ ಮಾತಿನಲ್ಲಿ ಸುಮ್ಮನಾಗಿಸಿದಳು.

ನಮ್ಮ ಊರು ಕೊರಟಗೆರೆ ತಾಲ್ಲೂಕಿನಲ್ಲಿ, ತೋವಿನಕೆರೆ ಕಡೆ. ಹೆಸರು ಬೇಡ. ಅವತ್ತು ಬೆಳಗಿನ ಶಾಲೆ ಮುಗಿಸಿ, ಬಸ್ಸಿಳಿದು ಮನೆಗೆ ಬಂದಾಗ ಪಂಚಾಯ್ತಿಯ ಆ ಹುಡುಗಿ ಬಾಗಿಲಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದಳು. ಮನೆ ಕಂದಾಯದ ಚೀಟಿ ತಂದಿದ್ದಳು. ನನಗೋ ಹಸಿವು, ಬಿಸಿಲು. ಹೊಟ್ಟೆಯಲ್ಲಿದ್ದ ಸಿಟ್ಟನ್ನೆಲ್ಲ ಅವಳ ಮೇಲೆ ಸುರಿದೆ. ತಿರುವಿನ ಬೀದಿದೀಪ ಕೆಟ್ಟು ಎಷ್ಟು ತಿಂಗಳಾಯಿತು? ನಲ್ಲಿಯಲ್ಲಿ ನೀರು ದಿನ ಬಿಟ್ಟು ದಿನವಾದರೂ ಯಾಕೆ ಬರುತ್ತಿಲ್ಲ? ಆ ಪಾರ್ಟಿಯವರ ಕಾಲದಲ್ಲಿ ಏನು ಕಿಸಿದರು, ಈ ಪಾರ್ಟಿಯವರು ಬಂದು ಏನು ಕಡಿದು ಕಟ್ಟೆ ಹಾಕಿದರು? ಇದಕ್ಕೆಲ್ಲ ನಾವು ಕಂದಾಯ ಕಟ್ಟಬೇಕೆ?

ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಬಹಳ ಮೆತ್ತಗೆ ಅಂದಳು: "ಮೇಡಂ, ಬೇಜಾರ್ ಮಾಡ್ಕಬೇಡಿ. ನಮ್ಮ ಪುಸ್ತಕದಾಗೆ ನಿಮ್ಮನೆ ಇನ್ನೂ ಎರಡಂಕಣದ ಹಂಚಿನ ಮನೆ ಅಂತ್ಲೇ ಐತೆ."

ನಾನು ಚೀಟಿ ನೋಡಿದೆ. ಆಮೇಲೆ ತಲೆಯೆತ್ತಿ ಮನೆ ನೋಡಿದೆ.

ಮಾವನವರ ಕಾಲದ ಹಂಚಿನ ಮನೆಯನ್ನು ಕೆಡವಿ ನಾವು ತಾರಸಿ ಮನೆ ಕಟ್ಟಿಸಿ ಹನ್ನೊಂದು ವರ್ಷವಾಗಿತ್ತು. ಕೆಳಗೆ ಮುಂಭಾಗದಲ್ಲಿ ನನ್ನ ಯಜಮಾನರ ಮೋಟಾರ್ ರೀವೈಂಡಿಂಗ್ ಅಂಗಡಿ. ಸುತ್ತಲಿನ ಹತ್ತು ಹಳ್ಳಿಯ ಬೋರ್‌ವೆಲ್ ಮೋಟಾರುಗಳು ಸುಟ್ಟುಕೊಂಡು ಅಲ್ಲಿಗೇ ಬರುತ್ತವೆ. ಹಿಂದುಗಡೆ ಅಡುಗೆಮನೆ, ಹಾಲ್, ಮೇಲೆ ಮೂರು ರೂಮು. ಇಷ್ಟಕ್ಕೂ ನಾವು ಎರಡಂಕಣದ ಹಂಚಿನ ಮನೆಯ ಕಂದಾಯ ಕಟ್ಟುತ್ತಿದ್ದೆವು. ಚೀಟಿ ಪ್ರತಿವರ್ಷ ಬರುತ್ತಿತ್ತು, ಯಜಮಾನರು ಅಂಗಡಿಯಲ್ಲೇ ಕಟ್ಟಿಬಿಡುತ್ತಿದ್ದರು, ನಾನು ನೋಡಿದ್ದೇ ಇಲ್ಲ. ಎಂಟನೇ ಕ್ಲಾಸಿನ ಮಕ್ಕಳಿಗೆ ವಿಸ್ತೀರ್ಣ ಕಂಡುಹಿಡಿಯಲು ಕಲಿಸುವವಳು ನಾನು.

"ಊಟ ಮಾಡ್ಕೊಂಡು ಹೋಗಮ್ಮ" ಎಂದೆ.

ಸಂಜೆ ಯಜಮಾನರಿಗೆ ಹೇಳಿದೆ. "ರೀ, ಪಂಚಾಯ್ತಿಗೆ ಹೋಗಿ ಮನೆ ಅಳೆಸಿಬಿಡೋಣ."

ಅವರು ತಾಮ್ರದ ತಂತಿ ಸುತ್ತುವುದನ್ನು ನಿಲ್ಲಿಸಿದರು. "ನಿಂಗೇನಾಗೈತೆ? ಅಂಗಡಿಗೆ ಬೇರೆ ರೇಟು ಹಾಕ್ತಾರೆ, ಗೊತ್ತಾ? ಮೂರು ಪಟ್ಟು, ನಾಕು ಪಟ್ಟು ಆಗುತ್ತೆ. ಈ ಊರ್ನಾಗೆ ಯಾರ ಮನೆ ಸರಿಯಾಗಿ ಬರ್ದವ್ರೆ? ನಮ್ದೊಂದೇ ಯಾಕೆ ಎದ್ದು ಕುಣೀಬೇಕು?"

"ಬೇರೆಯವರು ಬರೆಸಲಿ, ಬಿಡಲಿ. ನಾನು ಇಷ್ಟು ವರ್ಷ ಬಾಯಿ ಬಡ್ಕೊಂಡಿದ್ದು ಯಾರ ಬಗ್ಗೆ ಅಂದ್ಕೊಂಡಿದ್ದೀರ? ನಮ್ಮಂಥವರ ಬಗ್ಗೆನೇ."

"ಬಾಯಿ ಬಡ್ಕೊಳ್ಳೋದು ನಿಲ್ಸು. ನಿಲ್ಸೋದಕ್ಕೇನೂ ಕಂದಾಯ ಇಲ್ಲ" ಎಂದು ಅವರು ಮತ್ತೆ ತಂತಿಗೆ ಕೈ ಹಾಕಿದರು. ಎರಡು ದಿನ ನಮ್ಮ ನಡುವೆ ಸಾರು, ಮಜ್ಜಿಗೆ ಬಿಟ್ಟು ಬೇರೆ ಮಾತಿರಲಿಲ್ಲ.

ಸೋಮವಾರ ವಿಜ್ಞಾನದ ಮೇಷ್ಟ್ರಿಗೆ ನಡೆದದ್ದನ್ನು ಹೇಳಿಕೊಂಡೆ. ಅವರ ಮನೆಯವರ ಜಮೀನು ವಳ್ಳೂರಿನ ಹತ್ತಿರ ಸೋಲಾರ್ ಫಲಕಗಳ ಕೆಳಗಿದೆ, ವರ್ಷಾ ವರ್ಷಾ ಬಾಡಿಗೆ ಬರುತ್ತದೆ. ಸೋಲಾರ್ ದುಡ್ಡಿಗೆ ತೆರಿಗೆಯಿಲ್ಲ, ನಿಮಗೇನು ಕಮ್ಮಿ ಎಂದು ನಾನೇ ಎಷ್ಟೋ ಸಲ ಚುಚ್ಚಿದ್ದೆ. ಅವತ್ತು ಅವರು ನಕ್ಕು, "ಅದು ಬಾಡಿಗೆ ಕದಾ ಮೇಡಂ, ಬೆಳೆ ಅಲ್ಲ. ಮೊದಲನೇ ವರ್ಷದಿಂದ ಲೆಕ್ಕ ತೋರಿಸಿ ಕಟ್ತಾ ಇದೀನಿ" ಎಂದರು.

"ಮತ್ತೆ ನಾನು ಅಷ್ಟು ಅಂದಾಗ ಹೇಳಬಾರದಿತ್ತಾ?"

"ನೀವು ಭಾಷಣ ಚೆನ್ನಾಗಿ ಮಾಡ್ತಾ ಇದ್ರಿ. ಮಧ್ಯೆ ಯಾಕೆ ಅಂತ."

ಆ ವಾರವೇ ಅರ್ಧ ದಿನ ರಜೆ ಹಾಕಿ ಪಂಚಾಯ್ತಿಗೆ ಹೋದೆ. ಪಿಡಿಓ ಸಿರಾ ಕಡೆಯಿಂದ ವರ್ಗವಾಗಿ ಬಂದಿದ್ದವರು, ನಡುವಯಸ್ಸಿನ ಸಮಾಧಾನದ ಮನುಷ್ಯ. ನನ್ನ ಅರ್ಜಿಯನ್ನು ಎರಡು ಸಲ ಓದಿದರು.

"ಕಂದಾಯ ಕಮ್ಮಿ ಮಾಡಿ ಅಂತ ತಾನೇ ಮೇಡಂ?"

"ಅಲ್ಲ ಸರ್. ಜಾಸ್ತಿ ಮಾಡಿ ಅಂತ."

ಅವರು ಗುಮಾಸ್ತರನ್ನು ಕರೆದರು. ಗುಮಾಸ್ತರೂ ಓದಿದರು. ಇಂಥ ಅರ್ಜಿಯನ್ನು ಯಾವ ಫೈಲಿಗೆ ಹಾಕಬೇಕು ಎನ್ನುವುದು ಇಬ್ಬರಿಗೂ ಹೊಳೆಯಲಿಲ್ಲ. ಕೊನೆಗೆ ಪಿಡಿಓ, "ಇರ್ಲಿ ಬುಡಿ, ಅಳತೆಗೆ ಕಳಿಸ್ತೀನಿ. ಆದ್ರೆ ಮೇಡಂ, ಯಾರಾದ್ರೂ ಬಂದು ಕೇಳಿದ್ರೆ ನಾನ್ ಹೇಳಿದ್ದು ಅನ್ಬೇಡಿ" ಎಂದರು. ಯಾರು ಬಂದು ಕೇಳುತ್ತಾರೆ ಎಂದು ಆಗ ನನಗೆ ಅರ್ಥವಾಗಲಿಲ್ಲ.

ಸಂಜೆಯೇ ಅರ್ಥವಾಯಿತು. ಪಂಚಾಯ್ತಿ ಚುನಾವಣೆಗೆ ಪಕ್ಷದ ಗುರುತು ಇರುವುದಿಲ್ಲ, ನಿಜ. ಆದರೆ ನಮ್ಮೂರಿನಲ್ಲಿ ಟೀ ಅಂಗಡಿಯ ಬೆಂಚಿಗೂ ಪಾರ್ಟಿ ಇದೆ. ಒಂದು ಕಡೆಗೆ ಮುಖಂಡರು ಈಗಿನ ಅಧ್ಯಕ್ಷೆಯ ಗಂಡ. ಇನ್ನೊಂದು ಕಡೆಗೆ ಮಾಜಿ ಅಧ್ಯಕ್ಷರು. ಇಬ್ಬರೂ ಒಂದೇ ಗಾಳಿ ಉಸಿರಾಡುವುದಕ್ಕೂ ಒಪ್ಪದವರು.

ಮೊದಲು ಬಂದವರು ಅಧ್ಯಕ್ಷೆಯ ಗಂಡ. ಕುರ್ಚಿಯ ತುದಿಯಲ್ಲಿ ಕೂತು, "ಮೇಡಮ್ಮಾ, ನಮ್ಮ ಹೆಸರು ಕೆಡ್ಸಕ್ಕೆ ಆ ಕಡೆಯೋರು ನಿಮ್ಮನ್ನ ಮುಂದೆ ಬಿಟ್ಟವ್ರೆ ಅಂತ ಸುದ್ದಿ. ನಿಜ ಏಳಿ" ಎಂದರು. ಯಾರೂ ಬಿಟ್ಟಿಲ್ಲ, ನಾನೇ ಹೋಗಿ ಅರ್ಜಿ ಕೊಟ್ಟೆ ಎಂದರೆ ನಂಬಲಿಲ್ಲ. ಕಾಫಿ ಕುಡಿದು ಹೋದರು.

ಮರುದಿನ ಮಾಜಿ ಅಧ್ಯಕ್ಷರು ಬಂದರು. ಅವರಿಗೆ ಖುಷಿಯೋ ಖುಷಿ. "ಒಳ್ಳೆ ಏಟು ಕೊಟ್ರಿ ಮೇಡಮ್ಮಾ! ಈಗಿನೋರ ಆಡಳಿತದಾಗೆ ಲೆಕ್ಕ ಇಂಗೈತೆ ಅಂತ ಊರಿಗೇ ತೋರಿಸ್ಬುಟ್ರಿ. ಮುಂದಿನ ಸಲ ನಿಮ್ಮೋರನ್ನ ನಮ್ಮ ಕಡೆಯಿಂದ ನಿಲ್ಸಾಣ."

"ಹನ್ನೊಂದು ವರ್ಷದಲ್ಲಿ ಐದು ವರ್ಷ ನೀವೇ ಅಧ್ಯಕ್ಷರಾಗಿದ್ರಲ್ಲ?" ಎಂದು ನೆನಪಿಸಿದೆ. ಅವರು ಕಾಫಿ ಅರ್ಧಕ್ಕೆ ಬಿಟ್ಟು ಎದ್ದರು.

ಇಬ್ಬರೂ ಹೋದ ಮೇಲೆ ಯಜಮಾನರು ಅಂಗಡಿಯಿಂದ ಒಳಗೆ ಬಂದು ಗೋಡೆಗೆ ಒರಗಿ ನಿಂತರು. "ನನ್ ಹೆಂಡ್ತಿ ಕಂದಾಯ ಕಟ್ತೀನಿ ಅಂದ್ರೆ ಇವರಿಗ್ಯಾಕೆ ಹೊಟ್ಟೆನೋವು? ನಾಳೆ ಆ ಹುಡುಗೀನ ಕರ್ಸು. ಅಂಗಡೀನೂ ಅಳೀಲಿ" ಎಂದರು. ನಾನು ಎರಡು ದಿನ ಮುನಿಸಿಕೊಂಡೂ ಆಗದ್ದನ್ನು ಆ ಇಬ್ಬರು ಎರಡು ಲೋಟ ಕಾಫಿಯಲ್ಲಿ ಮಾಡಿ ಹೋಗಿದ್ದರು. ನಗು ತಡೆಯಲು ಆಗಲಿಲ್ಲ. ಅವರೂ ನಕ್ಕರು. ಮರುದಿನ ಬಿಲ್ ಕಲೆಕ್ಟರ್ ಹುಡುಗಿ ಬಂದಳು. ಟೇಪಿನ ಒಂದು ತುದಿ ಅವಳು ಹಿಡಿದಳು, ಒಂದು ತುದಿ ನಾನು ಹಿಡಿದೆ. ಯಜಮಾನರು ಹೇಳಿದಂತೆ ಹತ್ತಿರ ಹತ್ತಿರ ನಾಲ್ಕು ಪಟ್ಟೇ ಆಯಿತು.

ನಿಜವಾದ ಗಲಾಟೆ ಆದದ್ದು ಗ್ರಾಮಸಭೆಯಲ್ಲಿ.

ನಾನು ಅದುವರೆಗೆ ಒಂದು ಗ್ರಾಮಸಭೆಗೂ ಹೋದವಳಲ್ಲ. ಹೋಗಿ ಏನು ಪ್ರಯೋಜನ ಎಂದು ಮನೆಯಲ್ಲೇ ಕೂತು ಬೈಯುವುದು ನನ್ನ ಪದ್ಧತಿ. ಈ ಸಲ ಹೋದೆ. ಪಿಡಿಓ ವರದಿ ಓದುವಾಗ ಅವರ ಬಾಯಿಂದ, ಒಬ್ಬರು ತಾವಾಗಿಯೇ ಕಂದಾಯ ಸರಿಪಡಿಸಿಕೊಂಡಿದ್ದಾರೆ ಎಂಬ ಮಾತು ಬಂತು. ಜನ ತಿರುಗಿ ನನ್ನನ್ನು ನೋಡಿದರು. ಕೆಲವರ ನೋಟದಲ್ಲಿ, ನೀನು ಸುಮ್ಮನಿದ್ದಿದ್ದರೆ ನಾವೂ ಸುಮ್ಮನಿರುತ್ತಿದ್ದೆವಲ್ಲ ಎಂಬ ಸಿಟ್ಟು ಸ್ಪಷ್ಟವಾಗಿತ್ತು. ಅದು ನ್ಯಾಯವೇ. ನನಗೆ ಸಂಬಳ ಬರುತ್ತದೆ, ಎಲ್ಲರಿಗೂ ಬರುವುದಿಲ್ಲ.

ಆಗ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದು ನಿಂತರು. ಬಸ್ ಸ್ಟಾಪಿನ ಹತ್ತಿರ ಇಡ್ಲಿ ಮಾಡಿ ಮಾರುವ ಅಜ್ಜಿ. ನಾನು ಎಷ್ಟೋ ಬೆಳಗ್ಗೆ ಮಧುಗಿರಿ ಬಸ್ಸಿಗೆ ಓಡುವಾಗ ಅವರ ಕೈಯ ಪೊಟ್ಟಣ ಹಿಡಿದೇ ಓಡಿದ್ದೇನೆ.

"ಸ್ವಾಮಿ, ನಂದೂ ಒಸಿ ಅಳೀರಿ" ಎಂದರು ಅಜ್ಜಿ. "ಪುಸ್ತಕದಾಗೆ ನಾಕಂಕಣ ಅಂತ ಐತಂತೆ. ರೋಡ್ ಅಗಲ ಮಾಡ್ದಾಗ ಎರಡಂಕಣ ಒಡ್ದಾಕುದ್ರು. ಉಳ್ದಿರೋದು ಎರಡೇಯ. ಇಲ್ಲದಿರೋ ಮನೆಗೂ ನಾನು ಕಟ್ಕಂಡ್ ಬತ್ತಾ ಇವ್ನಿ."

ನನಗಂತೂ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅಷ್ಟು ವರ್ಷ ಆರು ರೂಮಿನ ನನ್ನ ಮನೆ, ಆ ಪುಸ್ತಕದಲ್ಲಿ, ಅಜ್ಜಿಯ ಮನೆಯ ಅರ್ಧದಷ್ಟಿತ್ತು.

ಮರುಕ್ಷಣವೇ ಮಾಜಿ ಅಧ್ಯಕ್ಷರು ಎದ್ದರು. "ನೋಡಿ! ಇದು ಇವರ ಆಡಳಿತ!"

ಅಧ್ಯಕ್ಷೆಯ ಗಂಡ ವೇದಿಕೆ ಪಕ್ಕದಿಂದ ಕೂಗಿದರು. "ರೋಡು ಅಗಲ ಆಗಿದ್ದು ನಿನ್ ಕಾಲದಾಗೆ ಕಣಯ್ಯಾ!"

"ಪುಸ್ತಕ ತಿದ್ದಬೇಕಾಗಿದ್ದೋರು ನೀವು!"

"ಮನೆ ಕೆಡವಿದ್ದೋರು ನೀವು!"

ಎರಡೂ ಕಡೆಯ ಹಿಂಬಾಲಕರು ಎದ್ದರು. ಯಾವ ಸರ್ಕಾರ ಏನು ಮಾಡಿತು, ದಿಲ್ಲಿಯಲ್ಲಿ ಯಾರು ಏನು ತಿಂದರು, ಎಲ್ಲ ಬಂತು. ಅಜ್ಜಿಯ ಎರಡಂಕಣ ಎಲ್ಲೋ ಕಳೆದುಹೋಯಿತು. ಅವರು ಇನ್ನೂ ನಿಂತೇ ಇದ್ದರು. ಹತ್ತು ನಿಮಿಷ ಕಾದು ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಡ್ಲಿಗೆ ಗಿರಾಕಿ ಕರೆಯುವ ಗಂಟಲಿನಲ್ಲಿ ಕೂಗಿದರು:

"ಲೇ, ನಿಲ್ಸ್ರಲಾ! ನಿಮ್ಮಿಬ್ರ ಮನೇನೂ ಅಳಸ್ರಿ ಮೊದ್ಲು. ಆಮೇಲೆ ಕಿತ್ತಾಡೀರಂತೆ."

ಮೊದಲು ಒಂದು ಹೆಂಗಸು ನಕ್ಕಳು. ಆಮೇಲೆ ಇಡೀ ಸಭೆ ಚಪ್ಪಾಳೆ ಹೊಡೆಯಿತು. ಆ ಇಬ್ಬರು ಮುಖಂಡರು ಜೀವನದಲ್ಲಿ ಮೊದಲ ಸಲ ಒಬ್ಬರನ್ನೊಬ್ಬರು ಸಹಾಯ ಬೇಡುವಂತೆ ನೋಡಿಕೊಂಡರು. ಅಷ್ಟರಲ್ಲಿ ಸಮಾಧಾನದ ಪಿಡಿಓ ಗುಮಾಸ್ತರಿಗೆ ಹೇಳಿಬಿಟ್ಟಿದ್ದರು: "ಸಭೆಯ ತೀರ್ಮಾನ ಅಂತ ಬರ್ಕೊಳ್ರಿ. ಎಲ್ಲಾ ಮನೆ ಹೊಸದಾಗಿ ಅಳತೆ."

ಅದೇನೂ ನಡೆಯುವುದಿಲ್ಲ ಎಂದೇ ನಾನು ಅಂದುಕೊಂಡೆ. ನನ್ನ ಲೆಕ್ಕ ತಪ್ಪಿತು. ಬುಧವಾರ ಬೆಳಗ್ಗೆ ಬಿಲ್ ಕಲೆಕ್ಟರ್ ಹುಡುಗಿ ಫೋನ್ ಮಾಡಿದಳು. "ಮೇಡಂ, ಮಾಜಿ ಅಧ್ಯಕ್ಷರು ತಮ್ಮನೆ ಮೊದ್ಲು ಅಳೀಬೇಕು ಅಂತ ಕೂತವ್ರೆ. ಲೆಕ್ಕ ತಪ್ಪಾಗ್ಬಾರ್ದು, ಭಾನುವಾರ ನೀವೂ ಬರ್ತೀರಾ?"

ಹೋದೆ. ಮೂರು ಅಂತಸ್ತಿನ ಮನೆ, ಪುಸ್ತಕದಲ್ಲಿ ನಮ್ಮದರಂತೆಯೇ ಹಂಚಿನದು. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಟೇಪಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಅದು ಊರಿನ ವಾಟ್ಸ್ಯಾಪ್ ಗುಂಪಿನಲ್ಲಿತ್ತು, ಕೆಳಗೆ ಎದುರು ಪಾರ್ಟಿಯವರಿಗೆ ಸವಾಲು. ಸಂಜೆ ನಾಲ್ಕಕ್ಕೆ ಅಧ್ಯಕ್ಷೆಯ ಗಂಡ ನಮ್ಮ ಬಾಗಿಲಿಗೇ ಬಂದರು. "ಬನ್ನಿ ಮೇಡಮ್ಮಾ, ಇವತ್ತೇ ಆಗ್ಬೇಕು."

ಅವರ ಮನೆ ಅಳೆದು ಮುಗಿಸಿ ಹುಡುಗಿ ಟೇಪ್ ಸುತ್ತುತ್ತಿದ್ದಳು. ಅವರು ಲೆಕ್ಕ ಕೇಳಿದರು. ಮಾಜಿ ಅಧ್ಯಕ್ಷರ ಮನೆಗಿಂತ ಸ್ವಲ್ಪ ಕಡಿಮೆ ಬಂದಿತ್ತು. ಮುಖ ಸಪ್ಪಗಾಯಿತು. ಹಿತ್ತಲಿಗೆ ಕೈ ತೋರಿಸಿ, "ಆ ದನದ ಕೊಟ್ಟಿಗೇನೂ ಸೇರ್ಸಮ್ಮಾ" ಎಂದರು.

"ಅಣ್ಣಾ, ಕೊಟ್ಟಿಗೆಗೆ ಕಂದಾಯ ಇಲ್ಲ."

"ಇರ್ಲಿ, ಸೇರ್ಸು. ಅವನಿಗಿಂತ ಕಮ್ಮಿ ಆಗ್ಬಾರ್ದು."

ಅಧ್ಯಕ್ಷೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದವರು, ಸೆರಗು ಬಾಯಿಗೆ ಅಡ್ಡ ಹಿಡಿದು ಒಳಗೆ ಓಡಿದರು. ಕೊಟ್ಟಿಗೆ ಸೇರಿಸಲಿಲ್ಲ.

ಮುಖಂಡರ ಮನೆಯೇ ಅಳೆದ ಮೇಲೆ ಉಳಿದವರು ಬೇಡ ಎನ್ನುವುದು ಕಷ್ಟವಾಯಿತು. ಆ ಬೇಸಿಗೆ ರಜೆಯಲ್ಲಿ ನಾನು ಮತ್ತು ಆ ಹುಡುಗಿ ಬೀದಿ ಬೀದಿ ತಿರುಗಿದೆವು. ಕೆಲವರು ಬಾಗಿಲು ಹಾಕಿಕೊಂಡರು. ಒಬ್ಬರು ನಾಯಿ ಬಿಟ್ಟರು, ಅದು ಪಾಪದ ನಾಯಿ, ಬಾಲ ಆಡಿಸಿತು. ಹಲವರಿಗೆ ಏರಿತು, ಆದರೆ ಇಳಿದವರೂ ಇದ್ದರು, ಅಂಥವರೆಲ್ಲ ಬಡವರೇ. ಅದನ್ನು ನೋಡಿದಾಗ ನನ್ನ ಹಳೆಯ ಭಾಷಣದಲ್ಲಿ ಒಂದು ದೊಡ್ಡ ತಪ್ಪು ಇತ್ತೆಂದು ತಿಳಿಯಿತು. ಕಟ್ಟುವವರು ನಾವು ಮಾತ್ರ ಅಂದುಕೊಂಡಿದ್ದೆ. ಕೇಳಲು ಬಾಯಿಲ್ಲದವರು ನಮಗಿಂತ ಹೆಚ್ಚೇ ಕಟ್ಟುತ್ತಿದ್ದರು, ಅದೂ ಗೊಣಗದೆ. ಪಾರ್ಟಿಗಳ ಮೇಲಿನ ಬೇಸರ ಹೋಗಿದೆಯೆಂದು ಹೇಳಲಾರೆ. ಈಗ ಬೈಯುವ ಮೊದಲು ನನ್ನ ಚೀಟಿ ತೆಗೆದು ನೋಡುತ್ತೇನೆ, ಅಷ್ಟೇ.

ಹೊಸ ಚೀಟಿಗಳು ಬಂದ ದಿನ ಇಡ್ಲಿ ಅಜ್ಜಿ ನನ್ನನ್ನು ಬಸ್ ಸ್ಟಾಪಿನಲ್ಲಿ ಹಿಡಿದು ನಿಲ್ಲಿಸಿದರು. ತಮ್ಮದನ್ನು ಓದಿ ಹೇಳಬೇಕಂತೆ. ಎರಡಂಕಣ ಎಂದು ಓದಿದೆ. ಇನ್ನೊಂದು ಸಲ ಓದಿಸಿದರು. ಈವರೆಗೆ ಹೆಚ್ಚಿಗೆ ಕಟ್ಟಿದ್ದನ್ನು ಮುಂದಿನ ವರ್ಷಗಳ ಕಂದಾಯಕ್ಕೆ ವಜಾ ಹಾಕಿಕೊಳ್ಳುತ್ತಾರೆ ಎಂದೂ ಅದರಲ್ಲಿತ್ತು. ಅದನ್ನು ಬಿಡಿಸಿ ಹೇಳಿದೆ.

"ಎಷ್ಟು ವರ್ಸಕ್ಕೆ ಆಯ್ತದೆ ಕಣಮ್ಮ?"

ಮನಸ್ಸಿನಲ್ಲೇ ಲೆಕ್ಕ ಹಾಕಿ, "ಏಳು ವರ್ಷ ನೀವು ಏನೂ ಕಟ್ಟೋ ಹಾಗಿಲ್ಲ ಅಜ್ಜಿ" ಎಂದೆ.

ಅಜ್ಜಿ ಇಡ್ಲಿ ತಟ್ಟೆಯ ಮೇಲಿನ ಬಟ್ಟೆ ಸರಿಸುತ್ತಾ ಹಲ್ಲಿಲ್ಲದ ಬಾಯಿ ತುಂಬ ನಕ್ಕರು. "ಅಯ್ಯೋ, ಅಂಗಾದ್ರೆ ಇನ್ನೂ ಏಳು ವರ್ಸ ಸಾಯಂಗಿಲ್ಲ ಅನ್ನು."

ಬಸ್ ಬಂತು. ನಾನು ಅವರ ಪಕ್ಕ ಕಲ್ಲಿನ ಮೇಲೆ ಕೂತೆ, ಅದು ಹೋಗಲಿ ಎಂದು.