ಹದಿಮೂರನೆಯ ಗುಡ್ಡೆ

ಬೀಳಗಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಗಿದ್ದ ಆ ಊರು ಈಗ ಆಲಮಟ್ಟಿಯ ಹಿನ್ನೀರಿನಡಿ ಇದೆ. ಊರಿನ ಹೆಸರನ್ನು ಇಲ್ಲಿ ಬರೆದಿಲ್ಲ. ಅಲ್ಲಿಂದ ಎದ್ದು ಬಂದವರಲ್ಲಿ ಹಲವರು ಬದುಕಿದ್ದಾರೆ, ಈ ಸಂಗತಿಯಲ್ಲಿ ತಮ್ಮ ಊರು ಕಾಣಿಸಿಕೊಳ್ಳುವುದು ಅವರಿಗೆ ಬೇಕಿಲ್ಲ. ಬೇಕಾಗಿದ್ದವಳು ಒಬ್ಬಳೇ, ಲಗಮವ್ವ.

ಲಗಮವ್ವನ ಗಂಡ ಹುಲೆಪ್ಪ ಮತ್ತು ಅವನ ಅಣ್ಣ ಯಮನಪ್ಪ ೧೯೬೩ರ ಬೇಸಿಗೆಯಲ್ಲಿ ಬೇರೆಯಾದರು. ಊರ ಚಾಕರಿಗೆ ಓಡಾಡುವ ಸರದಿ ಯಾರದೆಂಬ ಜಗಳ ಎರಡು ವರ್ಷ ಎಳೆದಾಡಿ, ಕೊನೆಗೆ ಮನೆಯ ನಡುವೆ ಎದೆಮಟ್ಟದ ಮಣ್ಣಿನ ಗೋಡೆಯಾಗಿ ಎದ್ದಿತು. ತಲೆಬಾಗಿಲು ಒಂದೇ ಉಳಿಯಿತು, ಮನೆಯ ನಂಬರೂ ಒಂದೇ. ಮುದುಕಿ ತಾಯಿ ಕೆಂಪವ್ವ ಗೋಡೆ ಒಣಗುವ ಮೊದಲೇ ತನ್ನ ಕೌದಿ ಎತ್ತಿಕೊಂಡು ಕಿರಿಯ ಮಗನ ಕಡೆ ಬಂದು ಕುಳಿತಳು. ಬೇರೆಯಾದ ಬಗ್ಗೆ ಯಾರೂ ಕಾಗದ ಮಾಡಲಿಲ್ಲ. ಆ ಓಣಿಯಲ್ಲಿ ಅದಕ್ಕೆ ಕಾಗದ ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ಗುಡ್ಡೆ.

ಹೊಲೆಯರ ಓಣಿಯ ಮನೆಗಳು ಸೇರಿ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಮುದಿ ಎತ್ತೊಂದನ್ನು ಕೊಳ್ಳುತ್ತಿದ್ದವು. ಓಣಿಯ ಹಿಂದಿನ ಹಳ್ಳದ ದಂಡೆಗೆ ಅದನ್ನು ಕಡಿದು, ತೊಳೆದ ಹಾಸುಗಲ್ಲಿನ ಮೇಲೆ ಅದೇ ಓಣಿಯ ಪರಸಪ್ಪ ಪಾಲು ಹಾಕುತ್ತಿದ್ದ. ತಕ್ಕಡಿ ಇರಲಿಲ್ಲ, ಅವನ ಕೈಯೇ ತಕ್ಕಡಿ. ತೊಡೆಯ ಖಂಡ, ಪಕ್ಕೆಲುಬು, ಈಲಿ ಎಂಬ ಯಕೃತ್ತು, ಬೋಟಿ ಎಂಬ ಕರುಳು, ಕೊಬ್ಬು, ಮೂಳೆ ಎಲ್ಲವೂ ಪ್ರತಿ ಗುಡ್ಡೆಯಲ್ಲಿ ಇರಬೇಕು, ಸಮ ಇರಬೇಕು. ಒಲೆಗೊಂದು ಗುಡ್ಡೆ. ಮನೆಯಲ್ಲಿ ಹತ್ತು ಜನ ಇರಲಿ, ಇಬ್ಬರಿರಲಿ, ಲೆಕ್ಕ ಒಲೆಯದು. ಅದುವರೆಗೆ ಹನ್ನೆರಡು ಗುಡ್ಡೆ ಬೀಳುತ್ತಿದ್ದವು. ಗೋಡೆ ಎದ್ದ ಮೇಲಿನ ಮೊದಲ ಪಾಲಿನ ದಿನ ಪರಸಪ್ಪ ಹದಿಮೂರನೆಯದನ್ನು ಹಾಕಿ, ಹುಲೆಪ್ಪನ ಒಲೆಗೆ ಎಂದು ಎಲ್ಲರೂ ಕೇಳುವಂತೆ ಕೂಗಿದ. ಅಲ್ಲಿಗೆ ಲಗಮವ್ವ ಒಂದು ಮನೆಯ ಒಡತಿಯಾದಳು. ನೋಂದಣಿ ಎಂದರೆ ಇಷ್ಟೇ.

ಅಂದು ಅವಳು ಮಾಡಿದ ಅಡಿಗೆಯನ್ನು ಓಣಿ ಬಹುಕಾಲ ನೆನೆಯಿತು. ಈಲಿಯನ್ನು ಮೊದಲು ಕೆಂಡದ ಮೇಲೆ ಸುಟ್ಟು, ಉಪ್ಪು ಸವರಿ, ನೆರೆಯ ಬಾಣಂತಿಗೆ ಕಳಿಸಿದಳು. ಮೂಳೆ ಮತ್ತು ಪಕ್ಕೆಲುಬನ್ನು ಅರಿಶಿನ ಉಪ್ಪು ಹಾಕಿ ಗಡಿಗೆಯಲ್ಲಿ ಇಟ್ಟು, ಕುಳ್ಳಿನ ಸಣ್ಣ ಉರಿಯಲ್ಲಿ ಮಧ್ಯಾಹ್ನದ ತನಕ ಬಿಟ್ಟಳು. ಉಳ್ಳಾಗಡ್ಡಿಯನ್ನು ಬೂದಿಯಲ್ಲಿ ಸುಟ್ಟು, ಒಣಕೊಬ್ಬರಿ, ಬಳ್ಳೊಳ್ಳಿ, ಹುರಿದ ಗುರೆಳ್ಳು, ಕೆಂಪು ಖಾರ ಸೇರಿಸಿ ಒರಳಿನಲ್ಲಿ ಅರೆದಳು. ಒಗ್ಗರಣೆಗೆ ಎಣ್ಣೆ ಬೇಕಾಗಲಿಲ್ಲ, ಕೊಬ್ಬನ್ನು ಕರಗಿಸಿದಳು. ನಾರುನಾರಾದ ಖಂಡವನ್ನು ಬೇರೆ ತೆಗೆದು ಪುಂಡಿಪಲ್ಯದ ಜೊತೆ ಬೇಯಿಸಿದಳು. ಪುಂಡಿಯ ಹುಳಿಗೆ ಎಂಥ ಮುದಿ ಎತ್ತಿನ ಖಂಡವೂ ಸೋಲುತ್ತದೆಂದು ಅವಳು ತವರಿನಲ್ಲಿ ಕಲಿತಿದ್ದಳು. ಕೆಂಪವ್ವನಿಗೆ ಹಲ್ಲಿರಲಿಲ್ಲ. ಅವಳ ಪಾಲನ್ನು ಒರಳಲ್ಲಿ ಜಜ್ಜಿ, ಜೋಳದ ನುಚ್ಚಿನಲ್ಲಿ ಕಲಸಿ ಕೊಟ್ಟಳು. ಮುದುಕಿ ಉಂಡು, ಗೋಡೆಯ ಆಚೆ ಕೇಳಿಸಲೆಂದೇ ದೊಡ್ಡದಾಗಿ ತೇಗಿದಳೆಂದು ಹುಲೆಪ್ಪ ಸಾಯುವ ತನಕ ಹೇಳಿ ನಗುತ್ತಿದ್ದ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುವುದು ಅವಶ್ಯ. ಅವರು ಕಡಿಯುತ್ತಿದ್ದದ್ದು ಆಕಳನ್ನಲ್ಲ. ಹನ್ನೆರಡು ವರ್ಷ ದಾಟಿದ, ನೊಗಕ್ಕೆ ಬಾರದ ಎತ್ತನ್ನು ಅಧಿಕಾರಿಯ ಪತ್ರ ಪಡೆದು ಕಡಿಯಲು ೧೯೬೪ರ ಕಾಯಿದೆಯೇ ಅವಕಾಶ ಕೊಟ್ಟಿತ್ತು. ಆ ಎತ್ತುಗಳು ಆಕಾಶದಿಂದ ಇಳಿದು ಬರುತ್ತಿರಲಿಲ್ಲ. ಊರ ರೈತರೇ ಮಾರುತ್ತಿದ್ದರು. ಹಿರಿಯ ಗಿರಮಲ್ಲಪ್ಪ ತನ್ನ ಬಿಳಿ ಎತ್ತಿನ ವ್ಯವಹಾರ ಮಾಡುವಾಗ ಓಣಿಯಲ್ಲಿ ಎಷ್ಟು ಮನೆ ಎಂದು ತಾನೇ ಕೇಳಿದ್ದ, ಹದಿಮೂರು ಎಂಬ ಉತ್ತರವನ್ನು ತನ್ನ ಕಿವಿಯಿಂದ ಕೇಳಿದ್ದ. ಊರಲ್ಲಿ ಮಾತ್ರ ಎತ್ತು ಸಾವಳಗಿಯ ಕಡೆಯವರಿಗೆ ಹೋಯಿತೆಂದು ಹೇಳಿದ್ದ.

ಕೆಂಪವ್ವ ತೀರಿದಳು. ೧೯೭೯ರಲ್ಲಿ ಹುಲೆಪ್ಪನೂ ತೀರಿದ. ಲಗಮವ್ವನಿಗೆ ಮಕ್ಕಳಿರಲಿಲ್ಲ. ಅವನ ದಿನಕರ್ಮ ಮುಗಿದ ಮೇಲಿನ ಮೊದಲ ಪಾಲಿಗೆ ಅವಳು ಬೋಗುಣಿ ಹಿಡಿದು ಹಳ್ಳಕ್ಕೆ ಹೋಗಿ ಎಲ್ಲರ ಹಿಂದೆ ನಿಂತಳು. ಹಾಕುತ್ತಾರೋ ಇಲ್ಲವೋ ಎಂಬುದು ಅವಳಿಗೆ ತಿಳಿದಿರಲಿಲ್ಲ. ಯಮನಪ್ಪ ಸುಮ್ಮನಿರಲಿಲ್ಲ.

“ಒಬ್ಬಾಕಿ ಹೊಟ್ಟಿಗೆ ಒಂದ ಗುಡ್ಡಿ ಯಾಕಪಾ?”

ಪರಸಪ್ಪ ತಲೆ ಎತ್ತದೆ ಪಾಲು ಹಾಕುತ್ತಲೇ ಹೇಳಿದ: “ನಾ ಒಲಿ ಎಣಸಾಂವ, ಹೊಟ್ಟಿ ಎಣಸಾಂವಲ್ಲ. ಹೊಟ್ಟಿ ಎಣಸಿದ್ರ ನಿಂದs ಎರಡ ಹಿಡೀಬೇಕಾಕ್ಕೈತಿ.”

ಜನ ನಕ್ಕರು. ಹದಿಮೂರನೆಯ ಗುಡ್ಡೆ ಬೋಗುಣಿಗೆ ಬಿತ್ತು. ಅಂದಿನಿಂದ ಹನ್ನೆರಡು ವರ್ಷ ಅದು ತಪ್ಪಲಿಲ್ಲ. ಕೂಲಿಗೆ ಹೋಗಿ ಬಂದು, ಒಬ್ಬಳಿಗೆ ಹೆಚ್ಚಾದ ಖಂಡವನ್ನು ಅವಳು ನೀಳವಾಗಿ ಕೊಯ್ದು ಹಗ್ಗಕ್ಕೆ ಹಾಕಿ ಒಣಗಿಸುತ್ತಿದ್ದಳು. ಮಳೆಗಾಲದಲ್ಲಿ ಅದನ್ನು ಕೆಂಡದಲ್ಲಿ ಸುಟ್ಟು, ಬಳ್ಳೊಳ್ಳಿ ಖಾರದ ಜೊತೆ ಕುಟ್ಟಿ, ರೊಟ್ಟಿಯ ಮೇಲಿಟ್ಟು ಓಣಿಯ ಮಕ್ಕಳಿಗೂ ಕೊಡುತ್ತಿದ್ದಳು.

೧೯೯೧ರಲ್ಲಿ ಮುಳುಗಡೆಯ ಸರ್ವೆ ಬಂತು. ಪ್ರತ್ಯೇಕ ಕುಟುಂಬವೆಂದು ಬರೆಸಿಕೊಂಡವರಿಗೆ ಹೊಸ ಊರಿನಲ್ಲಿ ಪ್ರತ್ಯೇಕ ಜಾಗ ಸಿಗುವುದಿತ್ತು. ಯಮನಪ್ಪ ಇಡೀ ಮನೆಯನ್ನು ತನ್ನ ಹೆಸರಿಗೆ ಬರೆಸಿದ. ಲಗಮವ್ವ ತಮ್ಮನ ಹೆಂಡತಿ, ತನ್ನ ಆಶ್ರಯದಲ್ಲಿ ಇರುವವಳು, ಕೂಡುಕುಟುಂಬ ಎಂದ. ರೇಷನ್ ಕಾರ್ಡು ಒಂದೇ ಇತ್ತು, ಅದು ಅವನ ಮಾತಿಗೆ ಬಲ ಕೊಟ್ಟಿತು. ಗೋಡೆಯಾಚೆಯ ಎರಡನೆಯ ಒಲೆಯನ್ನು ಸರ್ವೆಯವರು ಕಂಡು ಕೇಳಿದಾಗ, ಅದು ಜಳಕದ ನೀರು ಕಾಯಿಸುವ ಒಲೆ ಎಂದು ಹೇಳಿದ.

ಇಪ್ಪತ್ತೆಂಟು ವರ್ಷ ಊಟ ಬೆಂದ ಒಲೆ ಅದು.

ಲಗಮವ್ವ ತಕರಾರು ಹೇಳಿದಳು. ಚಾವಡಿಯಲ್ಲಿ ವಿಚಾರಣೆ ಗೊತ್ತಾಯಿತು. ಅಂದು ಬೆಳಿಗ್ಗೆ ಅವಳು ಪರಸಪ್ಪನ ಮನೆಗೆ ಹೋಗಿ, ಇದ್ದದ್ದನ್ನು ಇದ್ದಂತೆ ಹೇಳಿದರೆ ಸಾಕೆಂದು ಕೇಳಿಕೊಂಡಳು. ಅವನು ಹೇಳುವುದಾಗಿ ಒಪ್ಪಿದ. ಒಪ್ಪಿದಾಗ ಅವನ ಮನಸ್ಸಿನಲ್ಲಿ ಕಪಟ ಇರಲಿಲ್ಲವೆಂದೇ ತಿಳಿಯಬೇಕು. ಎಲ್ಲರಿಗೂ ಗೊತ್ತಿರುವುದನ್ನು ಎಲ್ಲರೂ ಹೇಳುತ್ತಾರೆಂದು ಅವಳು ನಂಬಿದಳು. ಅವಳು ಮಾಡಿದ ತಪ್ಪು ಅದೊಂದೇ.

ಚಾವಡಿಯ ಕಟ್ಟೆಯ ಮೇಲೆ ಅಧಿಕಾರಿ, ಗಿರಮಲ್ಲಪ್ಪ, ಇನ್ನಿಬ್ಬರು ಹಿರಿಯರು ಕುಳಿತಿದ್ದರು. ಓಣಿಯವರು ಕೆಳಗೆ ನಿಂತಿದ್ದರು. ಪರಸಪ್ಪನ ಮಗ ಹಣಮಂತ ಮಾತ್ರ ಕಟ್ಟೆಯ ಮೇಲಿದ್ದ. ಅವನು ಮುಧೋಳದಲ್ಲಿ ಮಾಸ್ತರ, ಇಸ್ತ್ರಿಯ ಪ್ಯಾಂಟು ಹಾಕಿಕೊಂಡು ಅಧಿಕಾರಿಗೆ ಯಾದಿ ಓದಿಕೊಡುತ್ತಿದ್ದ. ಮುಧೋಳದಲ್ಲಿ ಅವನು ಬಾಡಿಗೆಗಿದ್ದ ಮನೆಯ ಮಾಲಕರಿಗೆ ಅವನ ಓಣಿ ಯಾವುದೆಂದು ತಿಳಿದಿರಲಿಲ್ಲ. ಗಿರಮಲ್ಲಪ್ಪನ ಬೀಗರು ಅದೇ ಗಲ್ಲಿಯವರು.

ಅಧಿಕಾರಿ ಕೆಟ್ಟವನಲ್ಲ. ಬೇರೆ ಇದ್ದದ್ದಕ್ಕೆ ಏನಾದರೂ ದಾಖಲೆ ಇದೆಯೇ ಎಂದು ಕೇಳಿದ. ಇಲ್ಲವೆಂದಳು. ಹಾಗಾದರೆ ಯಾರಿಗೆ ಗೊತ್ತು ಎಂದು ಕೇಳಿದ.

“ಪಾಲ ಹಾಕಾವರಿಗೆ ಗೊತ್ತೈತ್ರಿ ಸಾಹೇಬರ.”

“ಯಾವ ಪಾಲು?”

ಕೆಳಗೆ ನಿಂತವರೆಲ್ಲ ನೆಲ ನೋಡಿದರು. ಅವಳು ಸೆರಗು ಸರಿಪಡಿಸಿಕೊಂಡು ಹೇಳಿದಳು: “ಎತ್ತಿನ ಖಂಡದ ಪಾಲ್ರಿ. ಒಲಿಗೊಂದ ಗುಡ್ಡಿ ಹಾಕತಾರ. ಹದಿಮೂರು ಒಲಿ ನಮ್ಮ ಓಣ್ಯಾಗ. ಹದಿಮೂರನೇದ್ದು ನಂದು. ಪರಸಪ್ಪ ಮಾವ ಹಾಕ್ಯಾನ, ಕೇಳ್ರಿ.”

ಕಟ್ಟೆಯ ಮೇಲಿದ್ದ ಹಿರಿಯರಲ್ಲಿ ಒಬ್ಬ ಟಾವೆಲ್ಲನ್ನು ಮೂಗಿಗೆ ಹಿಡಿದ, ಮಾತಿಗೆ ವಾಸನೆ ಇರುವಂತೆ. ಹಣಮಂತ ಯಾದಿ ಓದುವುದನ್ನು ನಿಲ್ಲಿಸಿದ. ಪರಸಪ್ಪ ಮಗನ ಮುಖ ನೋಡಿದ. ಮಗ ಅಪ್ಪನ ಮುಖ ನೋಡಲಿಲ್ಲ.

“ನಮ್ಮ ಓಣ್ಯಾಗ ಅಂಥಾದ್ದೇನೂ ಇಲ್ರಿ ಸಾಹೇಬರ,” ಎಂದ ಪರಸಪ್ಪ. “ನಾವು ಅದನ್ನ ಮುಟ್ಟೂದಿಲ್ರಿ.”

ಅಧಿಕಾರಿ ಉಳಿದವರನ್ನೂ ಒಬ್ಬೊಬ್ಬರಾಗಿ ಕೇಳಿದ. ಅವಳ ಕೈಯ ಪುಂಡಿಪಲ್ಯದ ಖಂಡ ಉಂಡವರು, ಹೆಂಡತಿಯ ಬಾಣಂತನಕ್ಕೆ ಅವಳಿಂದ ಮೂಳೆಯ ಸಾರು ಒಯ್ದವರು, ಎಲ್ಲರೂ ಅದೇ ಮಾತು ಹೇಳಿದರು. ಗಿರಮಲ್ಲಪ್ಪನನ್ನು ಅಧಿಕಾರಿ ಕೇಳಲಿಲ್ಲ. ಕೇಳದಿದ್ದರೂ ಹೇಳಬಹುದಾಗಿತ್ತು. ಆ ದೊಡ್ಡ ಮನುಷ್ಯ ಎಲೆ ಅಡಿಕೆ ಅಗಿಯುತ್ತ, ಕೆಳಗಿನವರ ಹೆದರಿಕೆಯನ್ನು ಆಟ ನೋಡುವಂತೆ ನೋಡುತ್ತ ಕುಳಿತ. ಉಂಡವರು ನಾಚಿದರು, ಮಾರಿದವರು ನಾಚಲಿಲ್ಲ. ಓಣಿಯವರ ಸುಳ್ಳನ್ನು ಕ್ಷಮಿಸುವುದು ಕಷ್ಟ. ಆ ಸುಳ್ಳು ಅವರಿಗೆ ಬೇಕಾಗುವಂತೆ ಮಾಡಿದವರನ್ನು ಕ್ಷಮಿಸುವ ಪ್ರಶ್ನೆಯೇ ಇಲ್ಲ.

ಲಗಮವ್ವ ಕೂಡುಕುಟುಂಬದ ಸದಸ್ಯೆ ಎಂದು ಬರೆದು ಓದಿ ಹೇಳಿದರು. ಹೆಬ್ಬೆಟ್ಟು ಒತ್ತಲು ಅವಳು ಒಪ್ಪಲಿಲ್ಲ. ಒಪ್ಪಲಿಲ್ಲವೆಂದು ಬರೆದುಕೊಂಡರು. ಗಂಡನ ಅರ್ಧ ಮನೆಯಲ್ಲಿ ಕಾನೂನಿನ ಪ್ರಕಾರ ಅವಳಿಗೆ ಆಗಲೂ ಹಕ್ಕಿತ್ತು. ಹಾಗೆಂದು ಅವಳಿಗೆ ತಿಳಿಸಿ, ಜಮಖಂಡಿಯ ವಕೀಲರ ಬಾಗಿಲ ತನಕ ಕರೆದೊಯ್ಯುವವರು ಮಾತ್ರ ಯಾರೂ ಇರಲಿಲ್ಲ. ಓದಿದ ಹಣಮಂತ ಅಂದೇ ಮಧ್ಯಾಹ್ನದ ಬಸ್ಸಿಗೆ ಮುಧೋಳಕ್ಕೆ ಹೋದ.

ಊರು ಎದ್ದಾಗ ಅವಳ ಸಾಮಾನು ಯಮನಪ್ಪನ ಟ್ರ್ಯಾಕ್ಟರಿನಲ್ಲಿ ಬಂತು. ಹೊಸ ಊರಿನಲ್ಲಿ ಹನ್ನೆರಡು ಜಾಗ, ಪತ್ರಾಸಿನ ತಗಡು ಹೊದಿಸಿದ ಹನ್ನೆರಡು ಮನೆ. ಅಲ್ಲಿ ಗುಡ್ಡೆ ಬೀಳಲಿಲ್ಲ. ಚಾವಡಿಯಲ್ಲಿ ಇಲ್ಲವೆಂದದ್ದನ್ನು ಬಯಲಲ್ಲಿ ಇಟ್ಟು ಹಂಚುವುದು ಹೇಗೆ? ಗಂಡಸರು ಒಬ್ಬೊಬ್ಬರೇ ಜಮಖಂಡಿಗೆ ಹೋಗಿ, ಕೈಚೀಲದಲ್ಲಿ ಕಾಯಿಪಲ್ಯೆಯ ಅಡಿ ಖಂಡ ಇಟ್ಟುಕೊಂಡು ತರುತ್ತಿದ್ದರು. ಯಮನಪ್ಪ ತಂದದ್ದನ್ನು ಬೇಯಿಸುವುದು ಲಗಮವ್ವನ ಕೆಲಸ. ಬಡಿಸುವುದು ಯಮನಪ್ಪನ ಹೆಂಡತಿ ಅನಸವ್ವನದು. ಮೊದಲು ಗಂಡಸರು, ಗಂಡುಮಕ್ಕಳು, ಸೊಸೆಯರು, ಕೊನೆಗೆ ಲಗಮವ್ವ.

೧೯೯೫ರ ಒಂದು ಮಧ್ಯಾಹ್ನ ಯಮನಪ್ಪ ಪರಸಪ್ಪನನ್ನು ಊಟಕ್ಕೆ ಕರೆದ. ಚಾವಡಿಯ ದಿನದಿಂದ ಪರಸಪ್ಪ ಲಗಮವ್ವನ ಎದುರು ಬರುವುದನ್ನು ತಪ್ಪಿಸಿಕೊಂಡು ತಿರುಗುತ್ತಿದ್ದ. ವಯಸ್ಸಾಗಿತ್ತು. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ, ಎರಡು ತುತ್ತು ಉಂಡು, ಅವಳ ಕಡೆ ನೋಡದೆ ಮೆಲ್ಲಗೆ ಹೇಳಿದ:

“ಮೊದಲ ಮಾಡತಿದ್ದೆಲ್ಲ, ಅದs ರುಚಿ ಐತಿ ನೋಡ ಲಗಮವ್ವ.”

“ಮೊದಲ ಯಾವ ಒಲಿ ಮ್ಯಾಲ ಮಾಡತಿದ್ದೆ ಮಾವಾ?” ಎಂದು ಅವಳು ಕೇಳಿದಳು. “ಅಷ್ಟು ಹೇಳು.”

ಯಮನಪ್ಪ ಮೂಳೆ ಹಿಡಿದ ಕೈಯನ್ನು ತಾಟಿಗೆ ಇಳಿಸಿದ. ಅನಸವ್ವನ ಸೌಟು ಗಡಿಗೆಯಲ್ಲೇ ನಿಂತಿತು. ಪರಸಪ್ಪ ಬಾಯಲ್ಲಿದ್ದ ತುತ್ತನ್ನು ನುಂಗಿದ. ಆಮೇಲೆ ನೀರು ಇಸಿದುಕೊಂಡು, ತಾಟಿನಲ್ಲಿ ಇನ್ನೂ ಅರ್ಧ ಊಟ ಇರುವಾಗಲೇ ಅದರಲ್ಲಿ ಕೈ ತೊಳೆದು, ಗೋಡೆ ಹಿಡಿದು ಎದ್ದು ಹೊರಗೆ ಹೋದ.

ಉಳಿದವರು ಉಂಡು ಮುಗಿಸುವ ತನಕ ಲಗಮವ್ವ ನಿಂತೇ ಇದ್ದಳು. ಅನಂತರ ಗಡಿಗೆಯ ತಳ ಕೆರೆದು, ಬಂದಷ್ಟನ್ನು ರೊಟ್ಟಿಗೆ ಸವರಿಕೊಂಡು ಉಂಡಳು.