ಬಿಲ್ಲಕ್ಕನ ಹಲ್ಲು

ನಮ್ಮಕ್ಕನಿಗೆ ಒಂದು ಹಲ್ಲಿನ ಆಸ್ಪತ್ರೆಗೆ ಬರುವ ಬಾಯಿಗಳೆಲ್ಲ ಗೊತ್ತು, ಒಂದು ಮುಖವೂ ಗೊತ್ತಿಲ್ಲ. ಆ ಆಸ್ಪತ್ರೆಯ ಬಿಲ್ಲು, ವಿಮೆಯ ಕ್ಲೇಮು ಎಲ್ಲ ನೋಡಿಕೊಳ್ಳುವವಳು ಅವಳೇ, ಅದೂ ಮನೆಯಲ್ಲಿ ಕೂತು. ಡಾಕ್ಟರು ಆ ತಲೆನೋವನ್ನು ಹೊರಗಿನ ಒಂದು ಕಂಪನಿಗೆ ವಹಿಸಿದರು, ಕಂಪನಿ ಅಕ್ಕನಿಗೆ ವಹಿಸಿತು. ಆಸ್ಪತ್ರೆಯಿಂದ ಎಕ್ಸ್‌ರೇ ಬರುತ್ತದೆ. ಯಾವ ಹಲ್ಲು, ಅದಕ್ಕೆ ಏನು ಮಾಡಿದರು ಎಂದು ಬರೆದು ಇವಳು ವಿಮೆಯವರಿಗೆ ಕಳಿಸುತ್ತಾಳೆ. ಅವರು ಏನಾದರೊಂದು ಕೊಂಕು ತೆಗೆದು ವಾಪಸು ಕಳಿಸುತ್ತಾರೆ. ಆಗ ಫೋನು ಹಿಡಿದು ಜಗಳಕ್ಕೆ ನಿಲ್ಲುತ್ತಾಳೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆ ಇವಳನ್ನು ನೋಡಿಯೇ ಹುಟ್ಟಿರಬೇಕು.

ಆದರೆ ಮನೆಯಲ್ಲಿ ಆ ಬಾಯಿಗೆ ಕೆಲಸವಿಲ್ಲ. ಭಾವ ತೀರಿಕೊಂಡ ಮೇಲೆ ಅವಳೊಬ್ಬಳೇ. ಎರಡು ಕೋಣೆ, ಕಿಟಕಿಯ ಪಕ್ಕ ಒಂದು ಮೇಜು, ಕಿಟಕಿಯಾಚೆ ಎದುರು ಕಟ್ಟಡದ ಬೆನ್ನು. ತಂಗಿಯಾದ ನಾನು ದೂರದ ಊರಿನಲ್ಲಿದ್ದೇನೆ. ದಿನಾ ಅವಳ ಜೊತೆ ನಾಲ್ಕು ಮಾತಾಡುವವಳೆಂದರೆ ಆಸ್ಪತ್ರೆಯ ಕೌಂಟರಿನ ಹುಡುಗಿ. ಬಿಲ್ಲಕ್ಕ ಎಂದು ಹೆಸರಿಟ್ಟವಳೂ ಅವಳೇ. ಆ ಹುಡುಗಿಯ ಅತ್ತೆಯ ಕಿರಿಕಿರಿ, ಮಗುವಿನ ಕೆಮ್ಮು, ಗಂಡನ ಮರೆವು ಎಲ್ಲ ಅಕ್ಕನಿಗೆ ಬಾಯಿಪಾಠ. "ನನ್ನ ಸ್ವರ ಕೇಳಿದರೆ ಸಾಕು, ನಿದ್ದೆ ಮಾಡಿಲ್ವಾ ಅಂತ ಕೇಳ್ತಾಳೆ ಕಣೇ" ಎಂದು ಅಕ್ಕ ಹೇಳುವಾಗ, ಸುಳ್ಳೇಕೆ, ನನಗೆ ಹೊಟ್ಟೆ ಉರಿಯುತ್ತಿತ್ತು.

"ಒಂದು ಸಲ ಹೋಗಿ ನೋಡ್ಕೊಂಡು ಬಾರೇ, ಒಂದೇ ಬಸ್ಸಲ್ವಾ" ಎಂದು ಎಷ್ಟು ಸಲ ಹೇಳಿದ್ದೇನೋ. ಕೆಲಸವಿಲ್ಲದೆ ಹೇಗೆ ಹೋಗಲಿ ಎನ್ನುತ್ತಿದ್ದಳು. ಕೊನೆಗೆ ಅವಳ ದವಡೆ ಹಲ್ಲೇ ಕೆಲಸ ಕೊಟ್ಟಿತು. ನೋವು ತಡೆಯಲಾರದೆ ಅದೇ ಆಸ್ಪತ್ರೆಗೆ ಕಂಪ್ಯೂಟರಿನಲ್ಲಿ ಸಮಯ ಗೊತ್ತುಮಾಡಿಕೊಂಡಳು. ಕೊಟ್ಟದ್ದು ವಿಮೆಯ ಕಾರ್ಡಿನಲ್ಲಿರುವ ಉದ್ದನೆಯ ಹೆಸರು. ಆ ಹೆಸರಿನಿಂದ ಅವಳನ್ನು ಯಾರೂ ಕರೆದದ್ದಿಲ್ಲ.

"ಬಿಲ್ಲಕ್ಕ ಬರ್ತಿದೀನಿ ಅಂತ ಮೊದಲೇ ಹೇಳಿಬಿಡು" ಎಂದೆ.

"ಹೇಳಿದ್ರೆ ಏನು ಚೆಂದ? ನಾನು ಬಾಯಿ ಬಿಟ್ಟ ತಕ್ಷಣ ಅವಳಿಗೇ ಗೊತ್ತಾಗ್ಬೇಕು."

ಅವಳ ಆಸೆ ಅಷ್ಟೇ. ಹೇಳಿಕೊಳ್ಳದೆ ತನ್ನನ್ನು ಗುರುತು ಹಿಡಿಯುವ ಜೀವ ಒಂದಾದರೂ ಇದೆಯೋ ಇಲ್ಲವೋ ಎಂದು ನೋಡಬೇಕಿತ್ತು. ಹಲ್ಲುನೋವಿಗೆ ಹೋಗುವವಳು ಮದುವೆಗೆ ಹೊರಟಂತೆ ಬಟ್ಟೆ ಇಸ್ತ್ರಿ ಮಾಡಿಟ್ಟಳು.

ಬೆಳಗ್ಗೆ ಎದ್ದರೆ ಕೆನ್ನೆ ಬನ್ನಿನ ಹಾಗೆ ಊದಿದೆ, ಬಾಯಿ ಒಂದು ಬೆರಳಿನಷ್ಟೂ ತೆರೆಯುತ್ತಿಲ್ಲ. ಹಾಗೇ ಹೋದಳು. ಕೌಂಟರಿನ ಮುಂದೆ ನಿಂತು, ದಿನಾ ಫೋನಿನಲ್ಲಿ ಹೇಳುವಂತೆಯೇ "ಏನಮ್ಮಾ, ಮಗು ಹೇಗಿದೆ" ಎಂದಳು. ಹೊರಟದ್ದು ಬರೀ ಉಗುಳು ತುಂಬಿದ ಸದ್ದು.

"ಮಾತಾಡ್ಬೇಡಿ ಅಮ್ಮಾ, ನೋವಾಗುತ್ತೆ. ಕಾರ್ಡ್ ಕೊಡಿ ಸಾಕು" ಎಂದಳು ಹುಡುಗಿ. ಅಕ್ಕ ಅಂದುಕೊಂಡದ್ದಕ್ಕಿಂತ ಗಿಡ್ಡ, ಅಂದುಕೊಂಡದ್ದಕ್ಕಿಂತ ದಣಿದ ಮುಖ. "ಜೊತೆಗೆ ಯಾರು ಬಂದಿದಾರೆ?"

ಯಾರೂ ಇಲ್ಲವೆಂದು ಅಕ್ಕ ತಲೆಯಾಡಿಸಿದಳು. ಯಾರದಾದರೂ ನಂಬರು ಬರೆಯಿರಿ ಎಂದಾಗ ನನ್ನದನ್ನು ಬರೆದಳು.

ಹುಡುಗಿ ಕಾರ್ಡನ್ನು ತಿರುಗಿಸಿ ನೋಡಿದಳು. "ಈ ವಿಮೆಗೆ ಮೊದಲೇ ಒಪ್ಪಿಗೆ ತಗೋಬೇಕೋ ಏನೋ. ಕೂತ್ಕೊಳ್ಳಿ, ನಮ್ಮ ಬಿಲ್ಲಕ್ಕನ್ನ ಕೇಳ್ತೀನಿ. ಅವರಿಗೆ ಗೊತ್ತಿಲ್ದೇ ಇರೋದೇ ಇಲ್ಲ."

ಅಕ್ಕ ಕೂತಳು. ಮಡಿಲಲ್ಲಿದ್ದ ಚೀಲದೊಳಗೆ ಫೋನು ಬಡಿದುಕೊಳ್ಳತೊಡಗಿತು. ಈಗಂತೂ ಗೊತ್ತಾಗಲೇಬೇಕು ಎಂದುಕೊಂಡು ಅದನ್ನು ಹೊರತೆಗೆದು, ಎಲ್ಲರಿಗೂ ಕಾಣುವ ಹಾಗೆ ಕೈಯಲ್ಲಿ ಹಿಡಿದು ಕೂತಳು. ಹುಡುಗಿ ಒಂದು ಕಿವಿಗೆ ಫೋನು ಒತ್ತಿಕೊಂಡು, ಇನ್ನೊಂದು ಕಿವಿ ಮುಚ್ಚಿಕೊಂಡು ಇವಳತ್ತ ತಿರುಗಿದಳು.

"ಅಮ್ಮಾ, ನಿಮ್ಮ ಫೋನ್ ಸ್ವಲ್ಪ ನಿಲ್ಲಿಸ್ತೀರಾ? ನನಗೆ ಆ ಕಡೆಯದು ಕೇಳಿಸ್ತಿಲ್ಲ."

ಅಕ್ಕ ನಿಲ್ಲಿಸಿದಳು.

ಆಮೇಲೆ ಅವಳಿಂದ ಇದನ್ನು ಕೇಳಿ ನನಗೆ ನಗುವೂ ಬಂತು, ಸಿಟ್ಟೂ ಬಂತು. "ಬರೆದು ತೋರಿಸೋಕೆ ಏನಾಗಿತ್ತೇ ನಿಂಗೆ, ಪೆನ್ನಿರಲಿಲ್ವಾ?"

"ಇತ್ತು. ಬರೆದು ತೋರಿಸೋ ಗುರುತು ನನಗ್ಯಾಕೆ?"

ಹೇಗೋ ಬಾಯಿ ತೆರೆಸಿ ಹಲ್ಲು ಕಿತ್ತರು. ಬಾಯಿಗೆ ಹತ್ತಿ ಇಟ್ಟು ಕಳಿಸಿದರು. ಊತ ಇಳಿದು ಸ್ವರ ಮೊದಲಿನಂತಾದ ಮೇಲೆ ಅಕ್ಕನೇ ಆಸ್ಪತ್ರೆಗೆ ಫೋನ್ ಮಾಡಿದಳು. ಈ ಸಲ ಹೇಳಿಯೇಬಿಡೋಣ ಎಂದುಕೊಂಡಿದ್ದಳಂತೆ.

"ಬಿಲ್ಲಕ್ಕಾ, ಎಲ್ಲಿ ಹೋಗಿದ್ರಿ? ಫೋನ್ ಎತ್ತಲೇ ಇಲ್ಲ, ನನಗೆ ಕೈಕಾಲೇ ಆಡ್ಲಿಲ್ಲ."

"ಸ್ವಲ್ಪ ಹುಷಾರಿರ್ಲಿಲ್ಲ ಕಣಮ್ಮ. ಏನು ವಿಷಯ?"

"ಒಂದು ಹಲ್ಲು ತೆಗೆದಿದ್ದು. ಕೆಳಗಡೆ, ಎಡಕ್ಕೆ. ಪಾಪ, ಆಯಮ್ಮ ಒಬ್ಬರೇ ಬಂದಿದ್ರು. ಯಾರೂ ದಿಕ್ಕಿಲ್ಲ ಅನ್ಸುತ್ತೆ. ನಿಮ್ಮ ಥರ ನಾಲ್ಕು ಜನರ ಹತ್ರ ಮಾತಾಡ್ಕೊಂಡಿರೋರಾಗಿದ್ರೆ ಯಾರಾದ್ರೂ ಜೊತೆಗೆ ಬರ್ತಿದ್ರು."

ಆ 'ಪಾಪ' ಕಿವಿಗೆ ಬಿದ್ದ ಮೇಲೆ, ಆಯಮ್ಮ ನಾನೇ ಎಂದು ಹೇಳಲು ನಮ್ಮಕ್ಕನಿಗೆ ಬಾಯಿ ಬರಲಿಲ್ಲ.

"ಮನೆಗೆ ಹೇಗೆ ಹೋದ್ರು ಅವರು?"

"ನಾನೇ ಬಸ್ಸು ಹತ್ತಿಸಿ ಬಂದೆ ಅಕ್ಕ. ನನ್ನ ಕೈ ಹಿಡ್ಕೊಂಡೋರು ಬಿಡ್ಲೇ ಇಲ್ಲ ನೋಡಿ. ಡ್ರೈವರ್ ಬೈದ ಮೇಲೆ ಬಿಟ್ರು. ಯಾಕೋ ಏನೋ."

"ನೋವಿರ್ಬೇಕು" ಎಂದಳು ನಮ್ಮಕ್ಕ. "ಎಕ್ಸ್‌ರೇ ಕಳಿಸಮ್ಮ."