ವಿಭೂತಿ ಹಚ್ಚಿದ ನಟ್ಟು

ಚಾಮರಾಜಪೇಟೆಯ ಅಂಜಮ್ಮನಿಗೂ ಶೈಲಜಮ್ಮನವರಿಗೂ ಯಾವ ವಿಷಯದಲ್ಲೂ ಒಮ್ಮತ ಬಂದದ್ದಿಲ್ಲ. ಶೈಲಜಮ್ಮನವರದು ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಅಂಗಡಿ ಇಟ್ಟ ಮನೆತನ. ಅವರ ಮಾವನ ಕಾಲದ ತೆರೆದ ಕಾರೊಂದು ಮನೆಯಲ್ಲಿದೆ. ಅದನ್ನು ರಿಪೇರಿ ಮಾಡುವವಳು ಅಂಜಮ್ಮ. ಬಣ್ಣ ಹೀಗಿರಬೇಕೆಂದು ಒಬ್ಬರು, ಹಾಗಿರಬಾರದೆಂದು ಇನ್ನೊಬ್ಬರು. ನಡುವೆ ಶೈಲಜಮ್ಮನವರ ಮಗ ಪ್ರಭುದೇವ ಇಬ್ಬರಿಗೂ ಹೂಂಗುಟ್ಟಿಕೊಂಡೇ ವರ್ಷಗಳನ್ನು ಕಳೆದಿದ್ದ. ಅಂಥ ಇಬ್ಬರು ಈ ಸಲದ ಆಯುಧಪೂಜೆಯ ಬೆಳಿಗ್ಗೆ ಒಂದೇ ಮಾತಿಗೆ ತಲೆಯಾಡಿಸಿದರು. ಆ ಒಮ್ಮತವೇ ಮೂರು ಜೀವಕ್ಕೆ ಕುತ್ತು ತರುವುದರಲ್ಲಿತ್ತು.

ಹಿಂದಿನ ದಿನವಷ್ಟೇ ಅಂಜಮ್ಮ ಆ ಕಾರಿನ ತಗಡಿನ ಚಕ್ರಗಳನ್ನು ತೆಗೆದು, ಪ್ರಭುದೇವ ಆಸೆಪಟ್ಟು ತರಿಸಿದ್ದ ಸ್ಪೋಕ್ ಚಕ್ರಗಳನ್ನು ಕೂರಿಸಿದ್ದಳು. ಈ ಚಕ್ರಕ್ಕೆ ನಾಲ್ಕೈದು ನಟ್ಟುಗಳಿಲ್ಲ. ಮಧ್ಯದಲ್ಲಿ ಒಂದೇ ಒಂದು ದೊಡ್ಡ ನಟ್ಟು, ಅದಕ್ಕೆರಡು ಕಿವಿ. ಆ ಕಿವಿಗೆ ತಾಮ್ರದ ಸುತ್ತಿಗೆಯಿಂದ ಹೊಡೆದು ಬಿಗಿಮಾಡಬೇಕು. ಹೊಸ ಚಕ್ರ ಒಂದಷ್ಟು ದೂರ ಓಡಿ ಒಳಗೆ ಒತ್ತಿಕೊಂಡಾಗ ನಟ್ಟು ಸಡಿಲಾಗುತ್ತದೆ. ಆಗ ಇನ್ನೊಮ್ಮೆ ಹೊಡೆಯಲೇಬೇಕು. ಇಲ್ಲದಿದ್ದರೆ ಓಡುವಾಗಲೇ ಚಕ್ರ ಕಳಚಿ ಬೀಳುತ್ತದೆ.

“ಇವತ್ತು ಸಂಜೇನೇ ಒಂದು ರೌಂಡ್ ಓಡ್ಸಿ ಸೀದಾ ಇಲ್ಲಿಗೇ ತನ್ನಿ ಸಾರ್. ನಾಳೆ ಸುತ್ತಿಗೆ ಪೂಜೆಗೆ ಕೂತ್ಬಿಡುತ್ತೆ” ಎಂದು ಅವಳು ಹೇಳಿಯೇ ಕಳುಹಿಸಿದ್ದಳು. ಅಂಗಡಿ ಪೂಜೆಯ ಗಡಿಬಿಡಿಯಲ್ಲಿ ಪ್ರಭುದೇವ ಸಂಜೆ ಬರಲಿಲ್ಲ. ಬಂದದ್ದು ಮರುದಿನ ಬೆಳಿಗ್ಗೆ, ತಾಯಿಯನ್ನೂ ಮಗಳು ಹರ್ಷಿತಾಳನ್ನೂ ಕೂರಿಸಿಕೊಂಡು. ಆ ಹೊತ್ತಿಗೆ ಅಂಜಮ್ಮನ ಶೆಡ್ಡಿನಲ್ಲಿ ಪೂಜೆ ಮುಗಿದಿತ್ತು. ಸ್ಪ್ಯಾನರು, ಜಾಕು, ಸುತ್ತಿಗೆಗಳೆಲ್ಲ ಮಣೆಯ ಮೇಲೆ ಕುಂಕುಮ ಇಟ್ಟುಕೊಂಡು, ಸೇವಂತಿಗೆ ಮುಡಿದು ಕೂತಿದ್ದವು.

“ಪೂಜೆ ಆಗೋಯ್ತು ಸಾರ್. ಇವತ್ತು ಸುತ್ತಿಗೆ ಎತ್ತಲ್ಲ” ಎಂದಳು ಅಂಜಮ್ಮ.

“ಎತ್ತೋದೂ ಬೇಡ” ಎಂದು ಶೈಲಜಮ್ಮ ಕಾರಿನಿಂದಲೇ ಹೇಳಿದರು. “ನಾಲ್ಕೂ ನಟ್ಟಿಗೆ ನಾನೇ ಕೈಯಾರೆ ವಿಭೂತಿ ಹಚ್ಚಿದೀನಿ. ಪೂಜೆ ಮಾಡಿದ್ದನ್ನ ಯಾರಾದ್ರೂ ಸುತ್ತಿಗೇಲಿ ಹೊಡೀತಾರಾ?”

“ಸರಿಯಾಗ್ ಹೇಳಿದ್ರಿ ಅಮ್ಮಾ. ಗವಿಪುರದ ಗುಡಿಗೆ ಹೋಗಿ, ಮೆಲ್ಲಗೆ ಮನೆ ಸೇರ್ಕೊಳ್ಳಿ. ನಾಳೆ ತನ್ನಿ ಸಾರ್, ಹೊಡೆದ್ಕೊಡ್ತೀನಿ.”

ಅವಳ ಈ ಹಠ ಇವತ್ತಿನದಲ್ಲ. ಅಂಜಮ್ಮ ಸೊಸೆಯಾಗಿ ಬಂದ ಹೊಸತರಲ್ಲೇ ಗಂಡ ಶ್ರೀಧರನಿಗೆ ಸರ್ಕಾರಿ ಕೆಲಸ ಸಿಕ್ಕಿತು. ಅವನು ಗ್ರೀಸಿನ ಕೈ ತೊಳೆದವನು ಮತ್ತೆ ಅಪ್ಪನ ಶೆಡ್ಡಿನ ಕಡೆ ತಲೆಹಾಕಲಿಲ್ಲ. ಮಾವ ಮುನಿರಾಮಪ್ಪ ಮೂರು ದಿನ ಮಾತುಬಿಟ್ಟು ಕೂತಿದ್ದು, ನಾಲ್ಕನೆಯ ದಿನ ಸುತ್ತಿಗೆಯನ್ನು ಸೊಸೆಯ ಕೈಗೆ ಕೊಟ್ಟರು. ಬೀದಿಯವರು ನಕ್ಕರು. ನಕ್ಕವರೇ ಆಮೇಲೆ ಗಾಡಿ ತಂದು ನಿಲ್ಲಿಸಿದರು. ಮಾವ ಕಲಿಸುವಾಗ ಬೈಗುಳಕ್ಕೆ ಲೆಕ್ಕವಿರಲಿಲ್ಲ, ಆದರೆ ಆಣೆ ಹಾಕಿಸಿಕೊಂಡದ್ದು ಒಂದಕ್ಕೇ: ವರ್ಷವೆಲ್ಲ ದುಡಿಯುವ ಕಬ್ಬಿಣಕ್ಕೆ ಒಂದು ದಿನ ಬಿಡುವು, ಆ ದಿನ ಪ್ರಪಂಚವೇ ಮುಳುಗಿದರೂ ಎತ್ತಬಾರದು. ಮಾವ ಹೋದಮೇಲೂ ಅಂಜಮ್ಮ ಅದನ್ನು ಮುರಿದಿರಲಿಲ್ಲ. ಅದನ್ನವಳು ಭಕ್ತಿ ಎಂದುಕೊಂಡಿದ್ದಳು. ಅದರಲ್ಲಿ ಅರ್ಧದಷ್ಟು ಜಂಭವೂ ಇತ್ತು.

ಅಂಜಮ್ಮ ಒಬ್ಬಟ್ಟು ತಟ್ಟುತ್ತಿದ್ದಾಗ ಪ್ರಭುದೇವನ ಫೋನು ಬಂತು.

“ಅಂಜಮ್ಮೋರೇ, ಮುಂದಿನ ಚಕ್ರದಲ್ಲಿ ಕಟ್ ಕಟ್ ಅಂತಿದೆ. ಯಾರೋ ಒಡೆದ ಬೂದುಗುಂಬಳದ ಚೂರು ಕಡ್ಡಿಗೆ ಸಿಗಾಕ್ಕೊಂಡಿರ್ಬೇಕು, ಅಲ್ವಾ? ಶೇಷಾದ್ರಿಪುರಂ ಅಕ್ಕನ ಮನೇಲಿದೀವಿ. ಪಾಯಸ ಕುಡಿದು ಶಿವಗಂಗೆಗೆ ಹೊರಡ್ತೀವಿ, ಅಮ್ಮನಿಗೆ ಆಸೆ.”

“ಸಾರ್, ಗಾಡಿ ತೆಗೀಬೇಡಿ! ಅದು ಕುಂಬಳಕಾಯಲ್ಲ!”

ಆ ಕಡೆ ತಮಟೆ. “ಹಲೋ? ಹಲೋ?” ಎಂದು ಪ್ರಭುದೇವ ಫೋನಿಟ್ಟ. ತಿರುಗಿ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ.

ಶಿವಗಂಗೆಗೆ ತುಮಕೂರು ರಸ್ತೆ. ಅಲ್ಲಿ ಯಾರೂ ಮೆಲ್ಲಗೆ ಓಡಿಸುವುದಿಲ್ಲ. ಅಂಜಮ್ಮ ಕೈತೊಳೆಯದೆಯೇ ಶೆಡ್ಡಿಗೆ ಓಡಿ ಮಣೆಯ ಮುಂದೆ ನಿಂತಳು. ಮಗಳು ಲಾಸ್ಯಾ ಹಿಂದೆಯೇ ಬಂದಳು.

“ಬೇರೆ ಸುತ್ತಿಗೆ ಇಲ್ವಾ ಅಮ್ಮ?”

“ಎಲ್ಲಾ ಅಲ್ಲೇ ಕೂತಿದಾವಲ್ಲೇ!”

ಮಾವನ ಮುಖ ಕಣ್ಣಮುಂದೆ ಬಂತು. ಹೆದರಿಕೆಯಾಯಿತು, ನಿಜವಾದ ಹೆದರಿಕೆ. ಆದರೂ ಕಣ್ಣುಮುಚ್ಚಿ ಕೈಹಾಕಿದಳು. ಸೇವಂತಿಗೆ ಹಾರ ಹರಿದು ನೆಲಕ್ಕೆ ಬಿತ್ತು.

ಲಾಸ್ಯಾ ಸ್ಕೂಟರು ಓಡಿಸಿದಳು. ಬೀದಿಬೀದಿಗೂ ಬಾಳೆಕಂದು ಕಟ್ಟಿಕೊಂಡ ಲಾರಿ, ಆಟೋ. ಒಡೆದ ಕುಂಬಳಕಾಯಿಯ ಮೇಲೆ ಎರಡು ಸಲ ಸ್ಕೂಟರು ಜಾರಿತು. ಎಲ್ಲಿ ನಾಲ್ಕು ಜನ ಗುಂಪುಗೂಡಿದ್ದರೂ ಅಂಜಮ್ಮನಿಗೆ ಜೀವ ಹಾರಿಹೋಗುತ್ತಿತ್ತು. ಶೇಷಾದ್ರಿಪುರದ ಅಕ್ಕನ ಮನೆಯ ಮುಂದೆ ಕಾರಿರಲಿಲ್ಲ. “ಈಗಷ್ಟೇ ಹೋದ್ರಲ್ಲ, ಮಲ್ಲೇಶ್ವರದ ಕಡೆಗೆ” ಎಂದರು ಗೇಟಿನಲ್ಲಿದ್ದವರು.

ಮಲ್ಲೇಶ್ವರದ ಸಿಗ್ನಲಿನಲ್ಲಿ ಕಾರು ಕಂಡಿತು. ಕಾಣುವಷ್ಟರಲ್ಲಿ ಹಸಿರು ದೀಪ ಬಿತ್ತು. ಎಡಗಡೆ ಮುಂದಿನ ಚಕ್ರ ಕುಡಿದವನಂತೆ ತೂಗಾಡುತ್ತಿತ್ತು. ಹಿಂದಿನ ಸೀಟಿನಲ್ಲಿ ಹರ್ಷಿತಾ ಅಜ್ಜಿಯ ಫೋಟೋ ತೆಗೆಯುತ್ತಿದ್ದಳು. ಲಾಸ್ಯಾ ಹಾರನ್ ಒತ್ತಿಯೇ ಒತ್ತಿದಳು. ಹಬ್ಬದ ದಿನ ಊರಿಗೆ ಊರೇ ಹಾರನ್ ಹೊಡೆಯುವಾಗ ಕೇಳುವವರು ಯಾರು? ಕೊನೆಗೆ ಅಂಜಮ್ಮ ಸುತ್ತಿಗೆಯನ್ನು ಮೇಲೆತ್ತಿ “ದಾರಿ ಬಿಡ್ರೋ!” ಎಂದು ಕಿರುಚಿದಳು. ಕುಂಕುಮ ಮೆತ್ತಿದ ಸುತ್ತಿಗೆ ಹಿಡಿದ ಹೆಂಗಸನ್ನು ಕಂಡು ಬೈಕಿನವರು ಬೆಚ್ಚಿ ಪಕ್ಕಕ್ಕೆ ಸರಿದರು. ಲಾಸ್ಯಾ ಮುಂದೆ ನುಗ್ಗಿ ಸ್ಕೂಟರನ್ನು ಕಾರಿಗೆ ಅಡ್ಡ ನಿಲ್ಲಿಸಿದಳು. ಪ್ರಭುದೇವ ಬ್ರೇಕು ಒತ್ತಿದ. ಚಕ್ರ ಕಟಾರನೆ ಸದ್ದುಮಾಡಿ ನಿಂತಿತು.

“ಏನ್ ಅಂಜಮ್ಮ ಇದು! ಇವತ್ತು ಎತ್ತಲ್ಲ ಅಂದೋಳು ನೀನೇ ಅಲ್ವಾ?” ಶೈಲಜಮ್ಮನವರಿಗೆ ಸಿಟ್ಟು ನೆತ್ತಿಗೇರಿತ್ತು.

“ಕೆಳಗಿಳೀರಿ ಅಮ್ಮಾ. ಈ ನಟ್ಟನ್ನ ಒಂದ್ಸಲ ಮುಟ್ಟಿ ನೋಡಿ.”

ಅವರು ಮೊಮ್ಮಗಳ ಕೈ ಹಿಡಿದು ಇಳಿದರು. ಹೊಡೆಯಲು ಬಿಡಬಾರದೆಂದೇ ನಟ್ಟಿನ ಮೇಲೆ ಕೈಯಿಟ್ಟರು. ಎರಡೇ ಬೆರಳಿಗೆ ಅದು ಬಾಟಲಿಯ ಮುಚ್ಚಳದಂತೆ ತಿರುಗಿತು. ಶೈಲಜಮ್ಮ ಇನ್ನೊಮ್ಮೆ ತಿರುಗಿಸಿ ನೋಡಿದರು. ಆಮೇಲೆ ತಿರುಗಿ ಹರ್ಷಿತಾಳ ಮುಖ ನೋಡಿದರು.

ಅಂಜಮ್ಮ ನಟ್ಟನ್ನು ಕೈಯಿಂದ ತಿರುಗಿಸಿ ಕೂರಿಸಿ, ಸುತ್ತಿಗೆ ಎತ್ತಿದಳು. ಎತ್ತಿದ ಕೈ ಕೆಳಗಿಳಿಯಲೊಲ್ಲದು. ಊರೆಲ್ಲ ಅಡ್ಡಾಡಿ ಬಂದ ಸುತ್ತಿಗೆ ಈಗ ಮೂರು ಗೆರೆ ವಿಭೂತಿಯ ಮುಂದೆ ನಿಂತುಬಿಟ್ಟಿತು. ಅಷ್ಟು ದೂರ ಬಂದ ಧೈರ್ಯ ಅಲ್ಲಿ ಸಾಲದಾಯಿತು.

ಶೈಲಜಮ್ಮ ಬಗ್ಗಿದರು. ಅಂದೇ ಮಡಿಕೆ ಬಿಚ್ಚಿದ್ದ ರೇಷ್ಮೆ ಸೀರೆಯ ಸೆರಗಿನಿಂದ ನಟ್ಟಿನ ಮೇಲಿನ ವಿಭೂತಿಯನ್ನು ಒಂದು ಚೂರೂ ಉಳಿಯದಂತೆ ಒರೆಸಿದರು.

“ಈಗ ಇದು ಬರೀ ನಟ್ಟು. ಹೊಡಿ.”

ಅಂಜಮ್ಮ ಹೊಡೆದಳು. ಕಿವಿ ಹಿಂದಕ್ಕೆ ಸರಿಯಿತು, ಇನ್ನಷ್ಟು ಸರಿಯಿತು, ಆಮೇಲೆ ಅಲುಗಾಡದೆ ನಿಂತಿತು. ಅವಳು ಇನ್ನೊಂದು ಚಕ್ರಕ್ಕೆ ಹೋಗುವಷ್ಟರಲ್ಲಿ ಶೈಲಜಮ್ಮ ಅಲ್ಲಿ ಕೂತು ಒರೆಸುತ್ತಿದ್ದರು.

“ಬೆಳಿಗ್ಗೇನೇ ಹೊಡೀಬೇಕಿತ್ತಮ್ಮಾ” ಎಂದಳು ಅಂಜಮ್ಮ. “ನಾಳೆ ಅಂದಿದ್ದು ನನ್ನ ತಪ್ಪು.”

“ನಾನು ಬಿಡ್ತಿದ್ನೇನೇ?” ಎಂದು ಶೈಲಜಮ್ಮ ತಲೆಯೆತ್ತದೆ ಒರೆಸುತ್ತಲೇ ಇದ್ದರು.